ಬಾಣಂತಿಬೇಲಿ

ಹೊಸಕಟ್ಟೆಯಿಂದ ಪಡುವಣಕ್ಕೆ ಹೊರಟ ಮಣ್ಣುದಾರಿ ಕರಿಗಲ್ಲ ಗುಡ್ಡದ ಬುಡ ಮುಟ್ಟುವ ಹೊತ್ತಿಗೆ ಹೊಲಗಳೆಲ್ಲ ಹಿಂದೆ ಉಳಿದು ಬರೀ ಹುಲ್ಲುಗಾವಲು ಎದುರಾಗುತ್ತದೆ. ಅಲ್ಲಿನ ದಿಬ್ಬದ ಮೇಲೆ ಕುರಿ ಮೇಕೆ ಸಾಕುವವರ ಒಂದು ಹಟ್ಟಿಯಿದೆ. ಊರಿಗೆ ಬೇಲಿ ಇರುವುದು ಲೋಕರೂಢಿ. ಇಲ್ಲಿ ಮಾತ್ರ ಬೇಲಿಯ ಸುತ್ತ ಊರು ಬೆಳೆದಿದೆ. ಮನೆಗಳ ನಟ್ಟನಡುವೆ ದುಂಡಗೆ ಹಬ್ಬಿ ನಿಂತಿರುವ ಕರಿಜಾಲಿಯ ಮೆಳೆ ಆಳೆತ್ತರಕ್ಕಿಂತ ತುಸು ಹೆಚ್ಚು. ದಪ್ಪವಾದರೋ ಗಾಡಿಯ ಉದ್ದದಷ್ಟು. ಅದರೊಳಗೆ ಹಕ್ಕಿ ನುಗ್ಗಬಹುದು, ಹಾವು ಹರಿಯಬಹುದು, ನಾಯಿ ನುಗ್ಗಲಾರದು. ಬೆಳ್ಳನೆಯ ಜೋಡಿಮುಳ್ಳುಗಳು ಬಿಸಿಲಿಗೆ ಹೊಳೆಯುತ್ತವೆ. ಮಳೆ ಬಿದ್ದ ಮೇಲೆ ಹಳದಿ ಹೂವಿನ ಉಂಡೆಗಳು ಮೆಳೆಯನ್ನೆಲ್ಲ ಮುಚ್ಚುತ್ತವೆ. ಕಂದಾಯದ ಕಾಗದದಲ್ಲಿ ಈ ಊರಿಗೆ ಬೇರೊಂದು ಹೆಸರಿದೆಯಂತೆ. ಅದನ್ನು ಕೂಗಿ ಕರೆದರೆ ಇಲ್ಲಿ ಓಗೊಡುವವರಿಲ್ಲ. ಸುತ್ತಿನ ಸೀಮೆಗೆಲ್ಲ ಇದು ಬಾಣಂತಿಬೇಲಿ.

ಈ ಹೆಸರಿಗೆ ಹೊರಗಿನವರು ತಮಗೆ ತೋಚಿದ ಕಾರಣ ಕೊಡುವುದುಂಟು. ಜಾಲಿಯ ಅಂಟಿನಿಂದ ಬಾಣಂತಿಯರಿಗೆ ಉಂಡೆ ಕಟ್ಟುತ್ತಾರಲ್ಲ, ಅದಕ್ಕೇ ಈ ಹೆಸರು ಎಂದು ಹೊಸಕಟ್ಟೆಯ ಮೇಷ್ಟರೊಬ್ಬರು ಬಹಳ ದಿನ ಹೇಳಿಕೊಂಡು ತಿರುಗಿದರು. ಅವರ ಮಾತು ನಂಬಿ ಒಬ್ಬ ಪುಣ್ಯಾತ್ಮ ಮೊಮ್ಮಗಳಿಗೆಂದು ಅಂಟು ಕೊಳ್ಳಲು ಡಬ್ಬಿ ಹಿಡಿದು ಇಲ್ಲಿಗೆ ಬಂದದ್ದೂ ಇದೆ. ಈ ಬೇಲಿಯ ಮೈಗೆ ಕತ್ತಿ ತಾಗಿಸಿ ಅಂಟು ಇಳಿಸುವ ಎದೆಗಾರಿಕೆ ಹಟ್ಟಿಯಲ್ಲಿ ಯಾರಿಗೂ ಇಲ್ಲವೆಂದು ಆ ಬಡಪಾಯಿಗೆ ಗೊತ್ತಿರಲಿಲ್ಲ. ನಾನು ಕೇಳಿದ ಕಥೆ ಬೇರೆ. ಹಟ್ಟಿಯ ಹಿರಿಯಳಾದ ತಿಪ್ಪಮ್ಮಜ್ಜಿ ಬೇಲಿಯ ಬುಡದ ತರಗೆಲೆ ಗುಡಿಸುತ್ತ ಹೇಳಿದ್ದು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲಕ್ಕೂ ಮೊದಲು ಎನ್ನುತ್ತಾರೆ, ಹಟ್ಟಿ ಇದ್ದದ್ದು ಈ ದಿಬ್ಬದಲ್ಲಲ್ಲ. ಇಲ್ಲಿಂದ ಕೂಗಳತೆ ದೂರದಲ್ಲಿ, ಗುಡ್ಡಕ್ಕೆ ಒತ್ತಿಕೊಂಡು ಇತ್ತು. ಅದರ ಸುತ್ತ ಒಣಮುಳ್ಳಿನ ಕೋಟೆ. ಪ್ರತಿ ವರ್ಷ ದೇವರ ಅಪ್ಪಣೆ ಪಡೆದು ಗಂಡಸರು ಕಾಡಿಗೆ ಹೋಗಿ, ಬರಿಗಾಲಲ್ಲೇ ಮುಳ್ಳು ಕಡಿದು, ಎಳೆದು ತಂದು ಹಳೆಯ ಮುಳ್ಳಿನ ಮೇಲೆ ಹೊಸದನ್ನು ಒಟ್ಟುತ್ತಿದ್ದರು. ಬೇಲಿಯೊಳಗೆ ಕುರಿ ಮೇಕೆ ಕೂಡುವ ರೊಪ್ಪ, ಗುಡಿಸಲುಗಳು, ನಡುವೆ ಹಟ್ಟಿಯ ದೇವರನ್ನು ಇಟ್ಟ ಪೆಟ್ಟಿಗೆ. ಕಡಿದು ತಂದ ಆ ಮುಳ್ಳು ದೇವರದು ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಅದರ ಒಂದು ಕಡ್ಡಿಯನ್ನೂ ಒಲೆಗೆ ಇಡುತ್ತಿರಲಿಲ್ಲ. ಮುಳ್ಳಿನ ಒಳಗಿದ್ದದ್ದು ಮಡಿ, ಹೊರಗಿದ್ದದ್ದು ಮೈಲಿಗೆ. ಪೆಟ್ಟಿಗೆಗೂ ಅಂಥದೇ ಕಟ್ಟಳೆ. ಪೂಜಾರಿಯ ಮನೆಯವರ ಹೊರತು ಅದನ್ನು ಯಾರೂ ಮುಟ್ಟುವಂತಿಲ್ಲ. ಒಮ್ಮೆ ತಲೆಗೇರಿದರೆ ಗದ್ದಿಗೆಯ ಹೊರತು ನೆಲಕ್ಕೆ ಇಳಿಸುವಂತಿಲ್ಲ.

ಹೆರಿಗೆಯಾದ ಹೆಣ್ಣು ಮೈಲಿಗೆ. ಆದ್ದರಿಂದ ದಿನ ತುಂಬಿದವಳನ್ನು ಬೇಲಿಯಿಂದ ಆಚೆ, ಈಗ ನಾವು ನಿಂತಿರುವ ಈ ದಿಬ್ಬದ ಮೇಲೆ, ಸೊಪ್ಪಿನ ಗುಡ್ಲು ಹಾಕಿ ಇರಿಸುತ್ತಿದ್ದರು. ಹೆತ್ತ ಮೇಲೂ ಸೂತಕ ಕಳೆಯುವವರೆಗೆ ತಾಯಿ ಮಗು ಅಲ್ಲೇ. ಅವಳ ಊಟವನ್ನು ಹಟ್ಟಿಗೂ ಗುಡ್ಲಿಗೂ ನಡುವೆ ಒಂದು ಬಂಡೆಯ ಮೇಲಿಟ್ಟು, ಕೂಗಿ ಹೇಳಿ ಹಿಂದಿರುಗುತ್ತಿದ್ದರು. ಅವಳೇ ಎದ್ದು ಬಂದು ಎತ್ತಿಕೊಂಡು ಹೋಗಬೇಕು. ಕುರಿ ಈದರೆ ಮರಿಯನ್ನು ಎದೆಗವಚಿ ಮನೆಯೊಳಗೆ ತಂದು ಬೆಚ್ಚಗಿಡುತ್ತಿದ್ದ ಜನ ಇವರು. ಹೆತ್ತ ಹೆಂಡತಿಯನ್ನು ಮಾತ್ರ ಬಯಲಿಗೆ ಬಿಡುತ್ತಿದ್ದರು. ಕೆಟ್ಟವರಾಗಿದ್ದರಿಂದಲ್ಲ, ಹೆದರಿದ್ದರಿಂದ. ಹಾಗೆಂದು ನನ್ನ ಸಿಟ್ಟೇನೂ ಕಡಿಮೆಯಾಗುವುದಿಲ್ಲ.

ಪೂಜಾರಿ ಎತ್ತಪ್ಪನ ಸೊಸೆಯ ಹೆಸರು ಚಿತ್ತಕ್ಕ. ಅವಳಿಗೆ ಚೊಚ್ಚಲು ಹೆಣ್ಣುಕೂಸಾಯಿತು. ಗಂಡ ಕುರಿ ಹೊಡೆದುಕೊಂಡು ಹುಲ್ಲಿರುವ ಸೀಮೆಗೆ ಹೋಗಿದ್ದ. ಒಂದು ದಿನ ಬೆಳಗಿನ ಹೊತ್ತು ಬಂಡೆಯ ಮೇಲೆ ಮುದ್ದೆಯಿಟ್ಟು ಅತ್ತೆ ಕೂಗಿದಳು. ಚಿತ್ತಕ್ಕ ಮೊರದಲ್ಲಿ ಮಲಗಿದ್ದ ಕೂಸಿಗೆ ಕಂಬಳಿಯ ತುಂಡು ಹೊದಿಸಿ, ಹಿಡಿದು ನಡೆಯಲು ಗೋಡೆಯೂ ಇಲ್ಲದೆ ಕೋಲೂರಿಕೊಂಡು ಬಂಡೆಯವರೆಗೆ ಬಂದಳು. ಹಿಂದಿರುಗಿದಾಗ ಗುಡ್ಲಿನ ಹಿಂಬದಿಯ ಸೊಪ್ಪು ಹರಿದಿತ್ತು, ಮೊರ ಮಗುಚಿ ಬಿದ್ದಿತ್ತು. ತೋಳ ಹುಲ್ಲಿನಲ್ಲಿ ಓಡುತ್ತಿರುವುದು ಅವಳಿಗೆ ಕಂಡಿತಂತೆ. ಅವಳ ಕೂಗಿಗೆ ಹಟ್ಟಿಯೆಲ್ಲ ಬೇಲಿಯ ಬಾಗಿಲಿಗೆ ಬಂದು ನಿಂತಿತು. ಮುದುಕರು, ಹುಡುಗರು ಕೋಲು ಹಿಡಿದು ತೋಳದ ಹಿಂದೆ ಓಡಿದರು. ಬರಿಗೈಯಲ್ಲಿ ಬಂದರು. ಅವಳನ್ನು ಮುಟ್ಟಿ ಸಂತೈಸುವವರು ಮಾತ್ರ ಯಾರೂ ಇರಲಿಲ್ಲ, ಯಾಕೆಂದರೆ ಸೂತಕ ಇನ್ನೂ ಕಳೆದಿರಲಿಲ್ಲ. ಇಲ್ಲಿ ತಿಪ್ಪಮ್ಮಜ್ಜಿ ಗುಡಿಸಿದ್ದ ನೆಲವನ್ನೇ ಮತ್ತೆ ಗುಡಿಸಿದಳು.

ಸೂತಕ ಕಳೆದು ಒಳಗೆ ಬಂದ ಚಿತ್ತಕ್ಕ ಅತ್ತದ್ದನ್ನು ಯಾರೂ ಕಾಣಲಿಲ್ಲ. ಅವಳು ನೇರ ಮಾವನ ಮುಂದೆ ಹೋಗಿ ನಿಂತಳು. ಮುಂದಿನ ಹೆಣ್ಣು ಹೊರಗೆ ಹೋಗುವ ಮೊದಲು ಆ ಗುಡ್ಲಿನ ಸುತ್ತ ನಾಲ್ಕು ಹೊರೆ ಮುಳ್ಳು ಹಾಕಿಸಿಕೊಡು ಎಂದು ಕೇಳಿದಳು. ಎತ್ತಪ್ಪನೇನು ಕಟುಕನಲ್ಲ, ಮೊಮ್ಮಗಳನ್ನು ಕಳೆದುಕೊಂಡವನೇ. ಆದರೂ ತಲೆಯಾಡಿಸಿದ.

“ಕಡಿದ ಮುಳ್ಳು ದೇವ್ರುದು ಕಣವ್ವ. ಹಟ್ಟಿ ಮುಳ್ಳು ಹಟ್ಟಿಗೇ. ಸೂತಕದ ಗುಡ್ಲಿಗೆ ಅದನ್ನ ಹಾಕಿದ್ರೆ ದೇವ್ರು ನಮ್ಮನ್ನ ಬಿಟ್ಟು ಹೋಗ್ತಾನೆ,” ಎಂದ.

ಕಡಿದ ಮುಳ್ಳಿಗೆ ಕಟ್ಟಳೆಯಿದೆ, ಬೆಳೆದು ನಿಂತ ಮುಳ್ಳಿಗೆ ಇಲ್ಲ ಎಂಬುದು ಚಿತ್ತಕ್ಕನಿಗೆ ಹೊಳೆದದ್ದು ಆಗಲೇ ಇರಬೇಕು. ಅವಳು ಜಾಲಿಕಾಯಿ ಆರಿಸಿ, ಒಣಗಿಸಿ, ಬೀಜ ಬಿಡಿಸಿ ದಿಬ್ಬದ ಮೇಲೆ ದುಂಡಗೆ ಗೆರೆ ತೋಡಿ ಬಿತ್ತಿದಳು. ಮಳೆ ಬಂತು, ಹೋಯಿತು. ಒಂದು ಮೊಳಕೆಯೂ ಏಳಲಿಲ್ಲ. ಜಾಲಿಯ ಬೀಜದ ಸಿಪ್ಪೆ ಕಲ್ಲಿನಷ್ಟು ಗಟ್ಟಿ. ಒಂದು ದಿನ ರೊಪ್ಪ ಗುಡಿಸುವಾಗ ಮೂಲೆಯ ಗೊಬ್ಬರದಲ್ಲಿ ಎಳೆಯ ಜಾಲಿ ಸಸಿಗಳು ಗುಂಪುಗುಂಪಾಗಿ ಎದ್ದಿರುವುದು ಅವಳ ಕಣ್ಣಿಗೆ ಬಿತ್ತು. ಮೇಕೆಗಳು ಹಗಲು ಕಾಯಿ ತಿಂದು, ರೊಪ್ಪದಲ್ಲಿ ಮೆಲುಕು ಹಾಕುತ್ತ ಬೀಜ ಉಗುಳುತ್ತವೆ; ಕೆಲವು ಹಿಕ್ಕೆಯಲ್ಲಿ ಬೀಳುತ್ತವೆ. ಮೇಕೆಯ ಹೊಟ್ಟೆ ಸೇರಿ ಬಂದ ಬೀಜ ಮೆತ್ತಗಾಗಿ ಬೇಗ ಚಿಗುರುತ್ತದೆ. ಪ್ರತಿ ವರ್ಷ ಆ ಸಸಿಗಳನ್ನು ಕಿತ್ತು ಎಸೆದವಳೂ ಅವಳೇ. ಅಂದಿನಿಂದ ರೊಪ್ಪದ ಕಸ ಜರಡಿಯಾಡಿ, ಕಪ್ಪು ಬೀಜ ಆರಿಸಿ, ಸೆರಗಿನಲ್ಲಿ ಕಟ್ಟಿಕೊಂಡು ದಿಬ್ಬಕ್ಕೆ ಹೋಗುವುದು ಅವಳ ಕೆಲಸವಾಯಿತು.

ಮುಳ್ಳಿಗೆ ನೀರು ಹೊರುವ ಹೆಣ್ಣನ್ನು ಕಂಡು ಹಟ್ಟಿ ನಕ್ಕಿತು. ನಗದೆ ಇನ್ನೇನು? ಹೊಲದಲ್ಲಿ ಜಾಲಿ ಎದ್ದರೆ ಬೈದು ಕಿತ್ತೆಸೆಯುವ ಸೀಮೆ ಇದು. ಇವಳೋ ಹಳ್ಳದಿಂದ ಕೊಡ ಹೊತ್ತು ಅದರ ಬುಡಕ್ಕೆ ಎರೆಯುತ್ತಿದ್ದಳು. “ಮುಳ್ಳಿನ ತಾಯಿ ಬಂದ್ಲು” ಎಂದು ನಾದಿನಿಯರು ಅಣಕಿಸಿದರು. ಮೇಕೆಗಳಿಗಂತೂ ಎಳೆ ಜಾಲಿಯೆಂದರೆ ಹಬ್ಬ. ಅವುಗಳ ಬಾಯಿಗೆ ಸಿಗದಂತೆ ಪ್ರತಿ ಸಸಿಯ ಸುತ್ತ ಕಲ್ಲು ಜೋಡಿಸಿದಳು. ಗಿಡ ಮೊಣಕಾಲೆತ್ತರ ಬಂದಾಗ ಕುಡಿ ಚಿವುಟಿದಳು. ಜಾಲಿಯನ್ನು ಅದರ ಪಾಡಿಗೆ ಬಿಟ್ಟರೆ ಮರವಾಗಿ ಮೇಲೆ ಹೋಗಿ ಬುಡ ಬಯಲಾಗುತ್ತದೆ. ಕುಡಿ ಚಿವುಟಿದರೆ ಬುಡದಲ್ಲೇ ಕವಲೊಡೆದು ಮೆಳೆಯಾಗುತ್ತದೆ. ಎಳೆಯ ಕವಲುಗಳನ್ನು ಬಗ್ಗಿಸಿ ಒಂದರೊಳಗೊಂದು ಹೆಣೆದಳು. ಹುಲ್ಲು ಸಸಿಯ ಬಾಯಿ ಕಟ್ಟುತ್ತದೆಂದು ಒಳಗೂ ಹೊರಗೂ ಅಗಲವಾಗಿ ಕುಂಟೆ ಎಳೆದು ನೆಲವನ್ನು ಕಣದಂತೆ ಬೋಳು ಮಾಡಿಟ್ಟಳು. ಅವಳ ಅಂಗೈ ಮುಂಗೈಗಳಲ್ಲಿ ಗಾಯವಿಲ್ಲದ ಜಾಗ ಇರಲಿಲ್ಲ. ವರ್ಷಗಳು ಕಳೆದವು. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ಆದರೆ ಬೇಲಿ ಎದೆಯೆತ್ತರ ಬಂದ ಮೇಲೆ ದಿಬ್ಬಕ್ಕೆ ಹೋದ ಹೆಣ್ಣುಗಳು ಕೂಸಿನೊಂದಿಗೇ ಹಿಂದಿರುಗತೊಡಗಿದರು. ಒಳಹೋಗಲು ಬುಡದಲ್ಲಿ ಒಂದೇ ಕಂಡಿ, ಮಂಡಿಯೂರಿ ನುಸುಳುವಷ್ಟು ತಗ್ಗಿನದು. ಒಳಗಿನಿಂದ ಮುಳ್ಳಿನ ಕಂತೆ ಎಳೆದುಕೊಂಡರೆ ಮುಗಿಯಿತು, ತೋಳ ಸುತ್ತು ಹಾಕಿ ಹೋಗಬೇಕಷ್ಟೆ. ಅಣಕಿಸಿದ ನಾದಿನಿಯರೂ ಅದರೊಳಗೇ ಹೆತ್ತರು. ಊಟ ಬಂಡೆಯ ಮೇಲಿಡುವ ಪದ್ಧತಿಯನ್ನೂ ಚಿತ್ತಕ್ಕ ಮುರಿದಳು; ತಾನೇ ಕಂಡಿಯವರೆಗೆ ಒಯ್ದು ಕೊಟ್ಟು, ಹಳ್ಳದಲ್ಲಿ ಮಿಂದು ಹಟ್ಟಿಗೆ ಬರುತ್ತಿದ್ದಳು.

ಹೀಗಿರುವಾಗ ಒಂದು ಫಾಲ್ಗುಣದಲ್ಲಿ, ಗಂಡಸರೆಲ್ಲ ಮಂದೆಯೊಡನೆ ದೂರ ಹೋಗಿದ್ದಾಗ, ಕರಿಗಲ್ಲ ಗುಡ್ಡದ ಹುಲ್ಲಿಗೆ ಕಿಚ್ಚು ಬಿತ್ತು. ನಡುಹಗಲು, ಜೋರು ಗಾಳಿ. ತಲೆಮಾರುಗಳಿಂದ ಒಂದರ ಮೇಲೊಂದು ಒಟ್ಟಿದ ಒಣಮುಳ್ಳಿಗೆ ಒಂದು ಕಿಡಿ ಸಾಕಾಯಿತು. ಹಟ್ಟಿಯನ್ನು ಕಾಯುತ್ತಿದ್ದ ಬೇಲಿಯೇ ಹಟ್ಟಿಯ ಸುತ್ತ ಬೆಂಕಿಯ ಗೋಡೆಯಾಗಿ ಎದ್ದಿತು. ಹೆಂಗಸರು, ಮುದುಕರು, ಮಕ್ಕಳು, ಮರಿಗಳು ಮೂಡಣ ಬಾಗಿಲಿನಿಂದ ಹೇಗೋ ಹೊರಬಿದ್ದರು. ಹೊರಗೂ ಹುಲ್ಲು ಹೊತ್ತಿಕೊಳ್ಳುತ್ತಿತ್ತು. ದಿಬ್ಬದ ಮೇಲಿನಿಂದ ಚಿತ್ತಕ್ಕ ಕೂಗುತ್ತಿದ್ದಳು, “ಇತ್ಲಾಗೆ ಬರ್ರೋ! ಇಲ್ಲಿ ಹುಲ್ಲಿಲ್ಲ, ಇತ್ಲಾಗೆ ಬರ್ರಿ!” ಮೈಲಿಗೆಯ ನೆನಪು ಆ ಹೊತ್ತಿನಲ್ಲಿ ಯಾರಿಗಿದ್ದೀತು? ಒಬ್ಬರ ಹಿಂದೊಬ್ಬರು ಮಂಡಿಯೂರಿ ಕಂಡಿ ನುಸುಳಿದರು. ಒಳಗೆ ಗುಡ್ಲಿನಲ್ಲಿ ಎತ್ತಪ್ಪನ ಮಗಳು ಕೆಂಚವ್ವ ಇದ್ದಳು. ಹೆರಿಗೆಗೆ ತವರಿಗೆ ಬಂದವಳು, ಕೂಸಿನ ಹೊಕ್ಕಳು ಇನ್ನೂ ಬಿದ್ದಿರಲಿಲ್ಲ. ಕಿಚ್ಚು ಬೋಳುನೆಲದ ಅಂಚಿನವರೆಗೆ ಬಂದು, ತಿನ್ನಲು ಏನೂ ಸಿಗದೆ, ಹಸಿ ಬೇಲಿಯ ಹೊರಮೈಯನ್ನು ಬಾಡಿಸಿ ಎರಡು ಸೀಳಾಗಿ ಹರಿಯತೊಡಗಿತು.

ಕಟ್ಟಕಡೆಗೆ ಬಂದವನು ಎತ್ತಪ್ಪ. ದೇವರನ್ನು ಬಿಟ್ಟು ಬರಲಾರದೆ ಹಟ್ಟಿಯೊಳಗೇ ಉಳಿದು, ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ತಂದಿದ್ದ. ಮೀಸೆ ಸುಟ್ಟಿತ್ತು, ಕಂಬಳಿಯ ಅಂಚು ಹೊಗೆಯಾಡುತ್ತಿತ್ತು. ಕಂಡಿಯ ಮುಂದೆ ಬಂದು ನಿಂತ. ತಲೆಯ ಮೇಲಿನ ಪೆಟ್ಟಿಗೆಯನ್ನು ನೆಲಕ್ಕೆ ಇಳಿಸುವಂತಿಲ್ಲ, ಹೊತ್ತುಕೊಂಡು ನುಸುಳುವಂತಿಲ್ಲ, ಅವನ ಮನೆಯವರ ಹೊರತು ಬೇರೆಯವರು ಮುಟ್ಟುವಂತಿಲ್ಲ. ಹೆಂಡತಿ ಆಗಲೇ ತೀರಿಕೊಂಡಿದ್ದಳು; ಒಳಗಿದ್ದ ಅವನ ಮನೆಯವರೆಂದರೆ ಒಬ್ಬ ಬಾಣಂತಿ, ಒಬ್ಬ ಸೊಸೆ. ಚಿತ್ತಕ್ಕ ಕಂಡಿಯಿಂದ ಎರಡೂ ಕೈ ಹೊರಗೆ ಚಾಚಿದಳು.

“ಕೊಡು ಮಾವ.”

“ಬಾಣಂತಿ ಇರೋ ಜಾಗ ಕಣವ್ವ. ಹೆಂಗೆ ಕೊಡ್ಲಿ?”

ನಾನಾಗಿದ್ದರೆ ಆಗ ಅಂದೇಬಿಡುತ್ತಿದ್ದೆ, ‘ಹಟ್ಟಿ ಮುಳ್ಳು ಹಟ್ಟಿಗೇ’ ಎಂದು. ಅನ್ನುವ ಹಕ್ಕು ಅವಳಿಗಿತ್ತು. ಅವಳು ಅಂದದ್ದು ಬೇರೆ.

“ನನ್ನ ಕೂಸು ಹೊರಗಿತ್ತು ಮಾವ. ದೇವ್ರಾದ್ರೂ ಹೊರಗೆ ಇರಾದು ಬ್ಯಾಡ. ಕೊಡು.”

ಎತ್ತಪ್ಪ ಪೆಟ್ಟಿಗೆಯನ್ನು ಇಳಿಸಿ, ಗಾಯದ ಕಲೆಗಳಿಂದ ತುಂಬಿದ ಆ ಕೈಗಳಿಗೆ ಕೊಟ್ಟ. ಆಮೇಲೆ ಮಂಡಿಯೂರಿದ. ಅವನ ರುಮಾಲು ಮುಳ್ಳಿಗೆ ಸಿಕ್ಕಿ ಹೊರಗೇ ಉಳಿಯಿತು ಎನ್ನುತ್ತಾರೆ. ಒಳಗೆ ಪೆಟ್ಟಿಗೆಯಿಡಲು ಗದ್ದಿಗೆಯೇನೂ ಇರಲಿಲ್ಲ. ಚಿತ್ತಕ್ಕ ಅದನ್ನು ಗುಡ್ಲಿನೊಳಗೆ, ಕೂಸು ಮಲಗಿದ್ದ ಮೊರದ ಪಕ್ಕದಲ್ಲಿಟ್ಟಳು.

ಕಿಚ್ಚು ದಾಟಿಹೋದ ಮೇಲೆ ಹಟ್ಟಿಯಿದ್ದಲ್ಲಿ ಬೂದಿಯಿತ್ತು. ಸುದ್ದಿ ಕೇಳಿ ಗಂಡಸರು ಬಂದರು. ಪೆಟ್ಟಿಗೆ ಸೂತಕದ ಗುಡ್ಲಿನಲ್ಲಿದೆ ಎಂದು ತಿಳಿದು ಕೆಲವರು ಕೂಗಾಡಿದರು. ಹಳ್ಳದ ನೀರಿನಲ್ಲಿ ತೊಳೆದು, ಶುದ್ಧಿ ಮಾಡಿ ಬೇರೆಡೆ ಹಟ್ಟಿ ಕಟ್ಟೋಣ, ಎತ್ತು ಪೂಜಾರಿ ಎಂದರು. ಎತ್ತಪ್ಪ ಕುಳಿತಲ್ಲಿಂದ ಏಳಲಿಲ್ಲ. “ನಾನು ಎತ್ತಾಕಿಲ್ಲ. ಮುಳ್ಳು ಕೊಟ್ರೆ ದೇವ್ರು ಬಿಟ್ಟೋಗ್ತಾನೆ ಅಂದಿದ್ದೆ, ಕೊಡದೆ ಕೂಸು ಕಳಕೊಂಡ್ವಿ. ದೇವ್ರು ಇವತ್ತು ಕೂಸಿನ ಮಗ್ಗುಲಾಗೆ ಕುಂತವ್ನೆ. ಎಬ್ಬಿಸೋ ಗಂಡಸು ಯಾವನಿದ್ದೀರಿ, ಬಂದು ಎಬ್ಬಿಸಿ,” ಎಂದು ಹೇಳಿ ಮಕ್ಕಳಂತೆ ಬಿಕ್ಕಿ ಬಿಕ್ಕಿ ಅತ್ತ. ಯಾರೂ ಬರಲಿಲ್ಲ. ಚಿತ್ತಕ್ಕ ಮಾವನ ಕಡೆ ನೋಡಲೂ ಇಲ್ಲವಂತೆ. ಹೊರಮೈ ಬಾಡಿದ ಗಿಡಗಳಿಗೆ ನೀರೆರೆಯಲು ಕೊಡ ತೆಗೆದುಕೊಂಡು ಹಳ್ಳಕ್ಕೆ ಹೊರಟಳು. ಅವಳ ಹಿಂದೆ ಹಟ್ಟಿಯ ಹೆಂಗಸರು ಒಬ್ಬೊಬ್ಬರಾಗಿ ಕೊಡ ಹಿಡಿದು ನಡೆದರು. ಹೊಸ ಮನೆಗಳು ಎದ್ದದ್ದು ಆ ಬೇಲಿಯ ಸುತ್ತಲೇ. ಆಮೇಲೆ ಈ ಹಟ್ಟಿಯ ಯಾವ ಹೆಣ್ಣೂ ಹೆರಲು ಬಯಲಿಗೆ ಹೋಗಿಲ್ಲ. ಇನ್ನು ಕೆಲವು ಕಡೆ ಆ ಪದ್ಧತಿ ಇವತ್ತಿಗೂ ಉಳಿದಿದೆ ಎಂದು ಕೇಳುತ್ತೇನೆ. ಅಂಥವರು ಒಮ್ಮೆ ಇಲ್ಲಿಗೆ ಬಂದು ಹೋಗಲಿ.

ಬಂದವರಿಗೆ ಇಲ್ಲಿ ಗೋಪುರವಿಲ್ಲ, ಗಂಟೆಯಿಲ್ಲ. ಮೆಳೆಯೊಳಗೆ ಕಲ್ಲುಚಪ್ಪಡಿಯ ಚಿಕ್ಕ ಗುಡಿ, ಅಷ್ಟೆ. ವರ್ಷಕ್ಕೊಮ್ಮೆ ಪೆಟ್ಟಿಗೆಯನ್ನು ಹಳ್ಳಕ್ಕೆ ಒಯ್ದು ತೊಳೆದು ತರುತ್ತಾರೆ. ಆ ದಿನ ಹಟ್ಟಿಯಲ್ಲಿದ್ದರೆ ನಿಮಗೂ ಕಾಣುತ್ತದೆ. ಪೂಜಾರಿ ಪೆಟ್ಟಿಗೆ ಹೊತ್ತು ಬಂದು ಕಂಡಿಯ ಮುಂದೆ ಬಿಸಿಲಿನಲ್ಲಿ ನಿಲ್ಲುತ್ತಾನೆ. ಆ ವರ್ಷ ಹೆತ್ತ ತಾಯಂದಿರು ಕೂಸುಗಳನ್ನು ಎದೆಗವಚಿಕೊಂಡು ಒಬ್ಬೊಬ್ಬರಾಗಿ ಒಳಗೆ ನುಸುಳುತ್ತಾರೆ. ಎಳೆಯ ಕೂಸಿನ ತಾಯಿಗೆ ಆತುರಪಡಬೇಡವೆಂದು ಹೇಳುತ್ತಾರೆ, ದೇವರು ಕಾಯುತ್ತಾನೆ. ಆಮೇಲೆ ಪೂಜಾರಿ ಬೇಲಿಯ ಕಡೆಗೆ ಬಾಗಿ, “ಕೂಸು ಒಳಕ್ಕೆ ಬಂದ್ವಾ?” ಎಂದು ಕೇಳುತ್ತಾನೆ. “ಬಂದವೆ, ಕೊಡು” ಎಂದು ಒಳಗಿನಿಂದ ಹೆಣ್ಣುದನಿ ಕೇಳಿ, ಎರಡು ಕೈ ಹೊರಗೆ ಬಂದ ಮೇಲೆಯೇ ಅವನು ದೇವರನ್ನು ತಲೆಯಿಂದ ಇಳಿಸುತ್ತಾನೆ.