ದೊರೆ ಕಾಪಾಡಿದ ಒಡ್ಡು

“ಗುರುಗಳೇ, ಅಮೂಲ್ಯವಾದದ್ದನ್ನು ಎಲ್ಲರ ಕೈಗೂ ಕೊಟ್ಟರೆ ಅದು ಸವೆದುಹೋಗುವುದಿಲ್ಲವೇ?” ಎಂದು ಶಿಷ್ಯ ವಾಮನ ಕೇಳಿದ. ಅಂದು ಬೆಳಿಗ್ಗೆ ಪಾಠದ ನಡುವೆ ಬಾಯಿ ಹಾಕಿ ಪ್ರಶ್ನೆ ಕೇಳಿದ ಹೂವಾಡಗಿತ್ತಿಯೊಬ್ಬಳನ್ನು ಅವನು ಮಠದ ಬಾಗಿಲಿನಿಂದ ಹಿಂದಕ್ಕೆ ಕಳಿಸಿದ್ದ. ಪಾಠದ ಶುದ್ಧಿಗಾಗಿಯೇ ಹಾಗೆ ಮಾಡಿದೆನೆಂದು ಅವನು ನಂಬಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ದೊರೆ ತನ್ನ ನಾಡನ್ನು ಕಾಲ್ನಡಿಗೆಯಲ್ಲಿ ನೋಡಲು ಹೊರಟ. ಹೊಳೆ ಕಡಲನ್ನು ಸೇರುವಲ್ಲಿ ಅವನು ಒಂದು ಮಣ್ಣಿನ ಒಡ್ಡನ್ನು ಏರಿದ. ಒಡ್ಡಿನ ಒಂದು ಬದಿಗೆ ಉಪ್ಪುನೀರು, ಇನ್ನೊಂದು ಬದಿಗೆ ಭತ್ತದ ಗದ್ದೆ. ಉಬ್ಬರದ ಹೊತ್ತಿಗೆ ನೀರು ಗದ್ದೆಗಿಂತ ಎತ್ತರದಲ್ಲಿ ನಿಲ್ಲುತ್ತಿತ್ತು. ಆದರೂ ಪೈರು ನಿಶ್ಚಿಂತೆಯಿಂದ ಬೆಳೆದಿತ್ತು. ದೊರೆ ಕೋಟೆಗಳನ್ನು ಕಟ್ಟಿಸಿದವನು. ಕಲ್ಲಿಲ್ಲದೆ, ಗಾರೆಯಿಲ್ಲದೆ ಕಡಲನ್ನು ತಡೆದು ನಿಂತ ಗೋಡೆಯನ್ನು ಅವನು ಎಲ್ಲೂ ಕಂಡಿರಲಿಲ್ಲ. ಅವನ ಎದೆ ತುಂಬಿ ಬಂತು. ಪಾದರಕ್ಷೆ ಕಳಚಿ ಕೈಯಲ್ಲಿ ಹಿಡಿದು ನಡೆದ.

ಊರಿನವರು ಮಾತ್ರ ಅದೇ ಒಡ್ಡಿನ ಮೇಲೆ ಬುಟ್ಟಿ ಹೊತ್ತು, ಹರಟುತ್ತ, ಬಿರಬಿರನೆ ಓಡಾಡುತ್ತಿದ್ದರು. ನಡೆಯುತ್ತ ನಡೆಯುತ್ತಲೇ ಅಲ್ಲಲ್ಲಿ ಹಿಮ್ಮಡಿಯಿಂದ ನೆಲವನ್ನು ಗುದ್ದುತ್ತಿದ್ದರು. ಇದೆಂಥ ಒರಟುತನ ಎಂದು ದೊರೆಗೆ ಸಂಕಟವಾಯಿತು. ಇನ್ನು ಮುಂದೆ ಯಾರೂ ಒಡ್ಡಿನ ಮೇಲೆ ಕಾಲಿಡಬಾರದೆಂದು ಅಪ್ಪಣೆ ಮಾಡಿದ.

ಮೀನಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಕೇಳಿದಳು: “ಹಾಗಾದರೆ ನಾವು ಹಾರಿಕೊಂಡು ಹೋಗಬೇಕೇ, ಒಡೆಯ? ಕೊಕ್ಕರೆಗಾದರೂ ಅಪ್ಪಣೆ ಉಂಟೋ ಇಲ್ಲವೋ?”

ದೊರೆ ನಕ್ಕ. ಆದರೆ ಅಪ್ಪಣೆಯನ್ನು ಹಿಂತೆಗೆದುಕೊಳ್ಳಲಿಲ್ಲ. ಒಡ್ಡಿನ ಎರಡೂ ತುದಿಗೆ ಕಾವಲು ನಿಂತಿತು. ಜನ ದೋಣಿ ಹಿಡಿದು ಸುತ್ತು ಬಳಸಿ ಓಡಾಡಿದರು.

ಮಳೆಗಾಲ ಮುಗಿದು ತೆನೆ ಹಾಲು ತುಂಬುವ ಹೊತ್ತಿಗೆ ದೊರೆ ಮತ್ತೆ ಬಂದ. ಒಡ್ಡಿನ ತುಂಬ ಹಸಿರು ಹುಲ್ಲು ಬೆಳೆದಿತ್ತು. ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಎಷ್ಟು ನೋಡಿದರೂ ಅವನ ಕಣ್ಣು ತಣಿಯಲಿಲ್ಲ. ತನ್ನ ಅಪ್ಪಣೆಗೆ ತಾನೇ ತಲೆಬಾಗಿ ಅವನೂ ಕೆಳಗೇ ನಿಂತ.

ಅಂದು ಅಮಾವಾಸ್ಯೆ. ಉಬ್ಬರ ಏರಿತು. ಅವನು ನೋಡುತ್ತಿದ್ದಂತೆಯೇ ಹುಲ್ಲಿನಡಿಯಿಂದ ನೀರು ಒಸರಿತು. ಮರುಗಳಿಗೆಗೆ ಒಡ್ಡು ಬಾಯಿ ಬಿಟ್ಟಿತು. ಒಂದು ಊರಿನ ವರುಷದ ಅನ್ನದ ಮೇಲೆ ಉಪ್ಪುನೀರು ನುಗ್ಗಿತು. ಜನ ಮಣ್ಣು ಹೊತ್ತು ಓಡಿ ಬಂದರು. ಕಾವಲಿನವರು ಅಡ್ಡ ನಿಂತರು. “ಬಿಡಿ ಅವರನ್ನು!” ಎಂದು ಕೂಗುತ್ತ ದೊರೆಯೂ ಕೆಸರಿಗೆ ಇಳಿದ. ಅರ್ಧ ಗದ್ದೆ ಉಳಿಯಿತು.

ನೀರು ಇಳಿದ ಮೇಲೆ ಅವನು ಹುಲ್ಲು ಸರಿಸಿ ನೋಡಿದ. ಒಡ್ಡು ಜರಡಿಯಾಗಿತ್ತು. ಎಲ್ಲೆಲ್ಲೂ ಏಡಿಯ ಬಿಲ.

“ಅಜ್ಜೀ, ಮೊದಲು ಈ ಬಿಲಗಳನ್ನು ಮುಚ್ಚುತ್ತಿದ್ದವರು ಯಾರು?” ಎಂದು ಅವನು ಮಣ್ಣು ಹೊತ್ತು ಬಂದಿದ್ದ ಆ ಮುದುಕಿಯನ್ನು ಕೇಳಿದ.

ಅವಳು ಬಗ್ಗಿ ತನ್ನ ಒಡೆದ ಹಿಮ್ಮಡಿಯನ್ನು ನೋಡಿಕೊಂಡಳು.

“ಯಾರೂ ಮುಚ್ಚುತ್ತಿರಲಿಲ್ಲ, ಒಡೆಯ. ನಾವು ನಡೆಯುತ್ತಿದ್ದೆವು, ಅಷ್ಟೇ.”

ದೊರೆ ಕಾವಲನ್ನು ಕಳಿಸಿಬಿಟ್ಟ. ಆಮೇಲೆ ಬರಿಗಾಲಲ್ಲಿ ಆ ಮುದುಕಿಯ ಹಿಂದೆ ನಡೆದ. ಅವಳು ಗುದ್ದಿದ ಕಡೆ ತಾನೂ ಗುದ್ದಿದ.

ಗುರುಗಳು ಕತೆ ಮುಗಿಸಿ ಬಾಗಿಲ ಕಡೆ ನೋಡಿದರು. ವಾಮನನೂ ನೋಡಿದ. ಹೊಸ್ತಿಲ ಹೊರಗೆ ಯಾರೂ ಇರಲಿಲ್ಲ.

“ಆ ಹೂವಾಡಗಿತ್ತಿ ಯಾವ ದಾರಿ ಹಿಡಿದು ಹೋದಳು, ವಾಮನ?” ಎಂದು ಗುರುಗಳು ಕೇಳಿದರು.