ಕವಡೆ ಹೇಳದ ಮನೆ

ಮಠದ ಅಡುಗೆಮನೆಯ ಕೆಂಪಯ್ಯನಿಗೆ ಒಂದು ಅಭ್ಯಾಸವಿತ್ತು. ಅನ್ನ ಬೆಂದಿದೆಯೇ ಎಂದು ನೋಡುವಾಗ ಅವನು ಮೇಲಿನ ಅಗುಳನ್ನು ಮುಟ್ಟುತ್ತಿರಲಿಲ್ಲ. ಸೌಟನ್ನು ಹಂಡೆಯ ನಡುವಿಗೆ ಇಳಿಸಿ, ಬಂದ ಅಗುಳುಗಳಲ್ಲಿ ಒಂದನ್ನು ಕಣ್ಣು ಮುಚ್ಚಿಕೊಂಡು ಎತ್ತಿ, ಎರಡು ಬೆರಳ ನಡುವೆ ಹಿಸುಕುತ್ತಿದ್ದ. ಕಣ್ಣು ತೆರೆದಿದ್ದರೆ ಬೆರಳು ತನಗೆ ಬೇಕಾದ ಅಗುಳಿಗೇ ಹೋಗುತ್ತದೆ ಎನ್ನುತ್ತಿದ್ದ. ಉಳಿದವರು, "ಕೆಂಪಯ್ಯ ಅನ್ನದ ಮುಂದೆ ಧ್ಯಾನಕ್ಕೆ ಕೂತ" ಎಂದು ನಗುತ್ತಿದ್ದರು.

ಆ ವರ್ಷ ಮಠದ ಕಣಜದಲ್ಲಿ ಒಂದಿಷ್ಟು ರಾಗಿ ಮಿಕ್ಕಿತ್ತು. ಎಲ್ಲರಿಗೂ ಹಂಚುವಷ್ಟು ಇರಲಿಲ್ಲ. ಸುತ್ತಲಿನ ಎಪ್ಪತ್ತು ಊರುಗಳಲ್ಲಿ ಎಲ್ಲಿಯ ಮಕ್ಕಳು ಹೆಚ್ಚು ಹಸಿದಿದ್ದಾರೆ ಎಂದು ತಿಳಿದು ಬರಲು ಗುರುಗಳು ಕೆಂಪಯ್ಯನನ್ನೇ ಆರಿಸಿದರು. ಹೊರಡುವ ಹಿಂದಿನ ದಿನ ಅವನು ಗುರುಗಳ ಮುಂದೆ ಬಂದು ನಿಂತ.

"ಬುದ್ಧಿ, ಒಂದು ಅಗುಳು ಹಿಸುಕಿದರೆ ಹಂಡೆಯ ಅನ್ನವೆಲ್ಲ ತಿಳಿಯುತ್ತದೆ. ಕೆಲವು ಮನೆ ನೋಡಿದರೆ ಒಂದು ಸೀಮೆಯೆಲ್ಲ ತಿಳಿಯುತ್ತದೆಯೇ?"

"ಕೂತುಕೋ" ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಅರಸನಿಗೆ ತನ್ನ ನಾಡಿನ ಮಕ್ಕಳು ಉಂಡಿದ್ದಾರೋ ಇಲ್ಲವೋ ತಿಳಿಯಬೇಕಿತ್ತು. ಅರಮನೆಗೆ ಬಂದ ಅಧಿಕಾರಿಗಳು ನಾಡು ಉಂಡಿದೆ ಎಂದರು. ಬೇಡಲು ಬಂದವರು ನಾಡು ಹಸಿದಿದೆ ಎಂದರು. ಅರಸ ಯಾರನ್ನೂ ನಂಬಲಿಲ್ಲ. ಬಂದವರ ಮಾತಿನಿಂದ ಬಾರದವರ ಹೊಟ್ಟೆ ತಿಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಆ ನಾಡಿನ ಸಂತೆಯಲ್ಲಿ ಅರಳೆ ತೂಗುವ ಹೆಂಗಸೊಬ್ಬಳಿದ್ದಳು. ಹಗುರವಾದುದನ್ನು ತೂಗುವುದು ಕಷ್ಟ. ಉಸಿರು ತಾಗಿದರೂ ತಕ್ಕಡಿ ಸುಳ್ಳು ಹೇಳುತ್ತದೆ. ಅವಳ ತಕ್ಕಡಿ ಎಂದೂ ಸುಳ್ಳು ಹೇಳಿರಲಿಲ್ಲ. ಅರಸ ಅವಳನ್ನು ಕರೆಸಿದ. ಒಂದು ತಕ್ಕಡಿ, ಏಳು ಕವಡೆ, ಒಂದು ಉಂಡೆ ಬಿಳಿಯ ದಾರ ಕೊಟ್ಟ.

"ಪ್ರತಿ ಊರ ಬಾವಿಯ ಬಳಿ ಕವಡೆ ಬಿಡು. ಎಷ್ಟು ಕವಡೆ ಅಂಗಾತ ಬೀಳುತ್ತವೋ ಅಷ್ಟು ಬಾಗಿಲು ಎಣಿಸು. ಆ ಮನೆಯ ಮಗುವನ್ನು ತೂಗು. ಮೈತುಂಬಿದ ಮಗುವಾದರೆ ದಾರಕ್ಕೆ ಸಡಿಲ ಗಂಟು ಹಾಕು. ಸೊರಗಿದ ಮಗುವಾದರೆ ಬಿಗಿ ಗಂಟು. ಬಾಗಿಲು ಮುಚ್ಚಿದ್ದರೆ ತೆರೆಯುವವರೆಗೆ ಕಾದಿರು, ಪಕ್ಕದ ಮನೆಗೆ ಹೋಗಬೇಡ. ಕವಡೆ ಹೇಳದ ಮನೆಗೆ ಗಂಟು ಹಾಕಬೇಡ."

ಅವಳು ಹೊರಟಳು.

ಊರ ಮೇಲೆ ಊರು ಬಂತು. ಮರದ ಕೊಂಬೆಗೆ ತಕ್ಕಡಿ ಕಟ್ಟುತ್ತಿದ್ದಳು. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಬಟ್ಟೆಯ ಜೋಲಿಯಲ್ಲಿ ಮಗು. ಅಳುತ್ತ ಬಂದ ಮಗುವೂ ಜೋಲಿಯೊಳಗೆ ಸುಮ್ಮನಾಗುತ್ತಿತ್ತು. ಕೆಲವು ಅಲ್ಲೇ ನಿದ್ದೆ ಹೋಗುತ್ತಿದ್ದವು. ಆಗ ಗಾಳಿಯೂ ನಿಂತಂತೆ, ಮರವೂ ಕಾಯುತ್ತಿರುವಂತೆ ಅವಳಿಗೆ ಅನ್ನಿಸುತ್ತಿತ್ತು. ನಡೆಯುತ್ತ ನಡೆಯುತ್ತ ಊರುಗಳ ಹೆಸರು ಮರೆತುಹೋದವು. ಅಂಗೈಯಲ್ಲಿ ತೂಕ ಮಾತ್ರ ಉಳಿಯಿತು. ಒಂದು ಊರು ಒದ್ದೆ ಬಟ್ಟೆಯ ಹಾಗೆ, ಒಂದು ಊರು ಕುಂಬಳದ ಹೂವಿನ ಹಾಗೆ, ಒಂದು ಊರು ಆಡಿನ ಮರಿಯ ಹಾಗೆ. ಕಣ್ಣು ಮುಚ್ಚಿದರೆ ಇಡೀ ನಾಡು ಒಂದು ಜೋಲಿಯಲ್ಲಿ ಮಲಗಿ ಮೆಲ್ಲಗೆ ಆಡುತ್ತಿರುವಂತೆ ಕಾಣುತ್ತಿತ್ತು.

ಹೀಗೆ ಕೆರೆಯ ಪಕ್ಕದ ಒಂದು ಊರಿಗೆ ಬಂದಳು. ಕವಡೆ ಬಿಟ್ಟಳು. ಕುಂಬಾರನ ಮನೆ ಬಂತು.

ಊರಗೌಡ ಜಗಲಿಯಿಂದಲೇ ಕೂಗಿದ. "ಏನಮ್ಮಾ, ಮಡಕೆ ಮಾಡುವವನ ಮನೆಯಲ್ಲಿ ಏನು ತೂಗುತ್ತೀ? ನಮ್ಮ ಮನೆಗೆ ಬಾ. ನನ್ನ ಮೊಮ್ಮಗನನ್ನು ಕೂರಿಸು. ನಿನ್ನ ಅರಸನ ತಕ್ಕಡಿ ಹಗ್ಗ ಕಿತ್ತುಕೊಂಡು ಬೀಳದಿದ್ದರೆ ಕೇಳು!"

"ಹಗ್ಗ ಉಳಿಯಲಿ ಅಂತಲೇ ಕವಡೆ ನಿಮ್ಮ ಮನೆ ಹೇಳಲಿಲ್ಲ ಗೌಡರೇ" ಎಂದಳು ಅವಳು. ನೆರೆದವರು ನಕ್ಕರು. ಗೌಡನೂ ನಕ್ಕ.

ಕುಂಬಾರನ ಮಗುವನ್ನು ತೂಗಿದಳು. ಮೈತುಂಬಿದ ಮಗು. ದಾರಕ್ಕೆ ಸಡಿಲ ಗಂಟು ಹಾಕಿ ಜೋಲಿ ಮಡಿಸಿದಳು. ಜನ ಚದುರಿದರು.

ಪಕ್ಕದ ಮನೆಯ ಮೋಟುಗೋಡೆಯ ಆಚೆ ಒಬ್ಬ ತಾಯಿ ನಿಂತಿದ್ದಳು. ಸೊಂಟದ ಮೇಲೆ ಮಗುವಿತ್ತು. ಅದು ಅಳುತ್ತಿರಲಿಲ್ಲ. ನೋಡುತ್ತಲೂ ಇರಲಿಲ್ಲ.

"ಅಕ್ಕಾ, ಆ ಬಾಗಿಲಿಗೂ ನನ್ನ ಬಾಗಿಲಿಗೂ ಎಂಟು ಹೆಜ್ಜೆ. ನಾನೇ ಅಳೆದಿದ್ದೇನೆ. ಅರಸನ ದಾರ ಎಂಟು ಹೆಜ್ಜೆಗೆ ಸಾಲದೇ ಹೋಯಿತೇ?"

ತೂಗುವವಳು ಗೋಡೆಯ ಹತ್ತಿರ ಬಂದಳು. "ದಾರ ಸಾಲುತ್ತದೆ ತಾಯಿ. ಆದರೆ ಕರೆದವರ ಮನೆಗೆಲ್ಲ ಹೋದರೆ, ಕರೆಯುವ ದನಿ ಇದ್ದವರೇ ದಾರದ ತುಂಬ ಇರುತ್ತಾರೆ. ಕರೆಯಲೂ ಆಗದವರು ಎಲ್ಲೋ ಒಂದು ಊರಿನಲ್ಲಿ ಉಳಿದುಬಿಡುತ್ತಾರೆ. ಅರಸನ ದವಸದ ಗಾಡಿ ಅವರ ಊರಿಗೆ ಹೋಗುವುದಿಲ್ಲ. ನಿನ್ನ ಮಗುವಿಗೆ ಒಂದು ಗಂಟು ಹಾಕಿದರೆ, ಅಲ್ಲಿ ಒಂದು ಗಂಟು ಸುಳ್ಳಾಗುತ್ತದೆ."

ಆ ತಾಯಿ ದಡ್ಡಿಯಲ್ಲ. ಮಗುವನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಿಸಿದಳು.

"ನೀನು ಹೇಳುವುದು ನ್ಯಾಯವೇ" ಎಂದಳು. "ಗಂಟು ಬೇಡಕ್ಕಾ. ಅರಸನಿಗೆ ಹೇಳುವುದೂ ಬೇಡ. ಹೋದ ಸುಗ್ಗಿಯಲ್ಲಿ ಇವನು ಹಾಕಿದ್ದ ಅಂಗಿ ಈ ಸುಗ್ಗಿಗೂ ಸರಿಹೋಗುತ್ತದೆ. ನಮ್ಮತ್ತೆ, ಒಳ್ಳೆಯದೇ ಆಯಿತು, ಬಟ್ಟೆ ಉಳಿಯಿತು ಅನ್ನುತ್ತಾರೆ. ನಾನು ಹೆದರಿಕೊಂಡರೆ, ನಿನಗೆ ಭ್ರಮೆ, ಎಲ್ಲ ಮಕ್ಕಳೂ ಹೀಗೇ ಅನ್ನುತ್ತಾರೆ. ನಮ್ಮ ಹಸು ಎರಡು ಹೊತ್ತೂ ಹಾಲು ಕೊಡುತ್ತದೆ. ಎರಡು ಹೊತ್ತಿನದೂ ಗೌಡರ ಮನೆಗೆ ಹೋಗುತ್ತದೆ. ಇಷ್ಟು ತೂಕ ಇರಬೇಕಿತ್ತು, ಇಷ್ಟೇ ಇದೆ ಅಂತ ನೀನು ಒಂದು ಮಾತು ಹೇಳಿದರೆ, ಅದನ್ನು ಹಿಡಿದುಕೊಂಡು ನಾನು ಒಂದು ಹೊತ್ತಿನ ಹಾಲು ನಿಲ್ಲಿಸುತ್ತೇನೆ. ನನ್ನ ಕಣ್ಣಿನ ಮಾತು ಮನೆಯಲ್ಲಿ ನಡೆಯುವುದಿಲ್ಲ, ತಕ್ಕಡಿಯ ಮಾತು ನಡೆಯುತ್ತದೆ. ಒಂದು ಸಲ ತೂಗು. ನನಗೊಬ್ಬಳಿಗೆ ಹೇಳು."

ತೂಗುವವಳು ಮಗುವನ್ನು ನೋಡಿದಳು. ತಕ್ಕಡಿ ಇಲ್ಲದೆಯೂ ಅಂಗೈಗೆ ತೂಕ ತಿಳಿಯಿತು. ಬೆರಳುಗಳು ತಾವಾಗಿಯೇ ದಾರವನ್ನು ಹುಡುಕಿದವು. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ತೂಗಿದರೆ ಈ ಕೈ ಗಂಟು ಹಾಕದೆ ಬಿಡುವುದಿಲ್ಲ ಎಂದು ಹೆದರಿದಳು. ಹೊತ್ತು ಇಳಿಯುತ್ತಿತ್ತು. ಕೆರೆಯ ಆಚೆ ಇನ್ನೊಂದು ಊರು ಮಂಜಿನೊಳಗೆ ಇದ್ದೂ ಇಲ್ಲದಂತೆ ಕಾಣುತ್ತಿತ್ತು.

ಅವಳು ಮಡಿಸಿದ ಜೋಲಿಯನ್ನು ಬಿಚ್ಚಲಿಲ್ಲ. ತಕ್ಕಡಿಯನ್ನು ಹೆಗಲಿಗೇರಿಸಿ ಕೆರೆಯ ಏರಿಯ ಮೇಲೆ ನಡೆದಳು. ತಾಯಿ ಗೋಡೆಯ ಬಳಿಯೇ ನಿಂತಿದ್ದಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಕೆಂಪಯ್ಯ ಕೇಳಿದ. "ಅರಸನಿಗೆ ನಿಜ ತಿಳಿಯಿತೇ ಬುದ್ಧಿ?"

"ತಿಳಿಯಿತು. ದಾರವನ್ನು ಅರಮನೆಯ ಅಂಗಳದಲ್ಲಿ ಉದ್ದಕ್ಕೆ ಬಿಡಿಸಿದರು. ಅದರಲ್ಲಿ ಒಂದು ಸುಳ್ಳು ಗಂಟೂ ಇರಲಿಲ್ಲ. ಬೆಟ್ಟದ ಸೀಮೆಯಲ್ಲಿ ಬಿಗಿ ಗಂಟುಗಳೇ ಸಾಲಾಗಿದ್ದವು. ಆ ಸೀಮೆಯಿಂದ ಬೇಡಲು ಅರಮನೆಗೆ ಒಬ್ಬರೂ ಬಂದಿರಲಿಲ್ಲ. ಬರುವಷ್ಟು ಕಾಲುಬಲ ಅವರಿಗಿರಲಿಲ್ಲ. ಅರಸನ ಗಾಡಿಗಳು ಅಲ್ಲಿಗೆ ಹೋದವು. ಸಾವಿರ ಮಕ್ಕಳು ಉಳಿದುಕೊಂಡವು."

"ಕೆರೆಯ ಊರಿಗೆ?"

"ಆ ಸೀಮೆಯಲ್ಲೆಲ್ಲ ಇದ್ದದ್ದು ಸಡಿಲ ಗಂಟುಗಳೇ. ಗಾಡಿ ಹೋಗಲಿಲ್ಲ. ಹೋಗಬೇಕಾದ್ದೂ ಇರಲಿಲ್ಲ."

ಕೆಂಪಯ್ಯನ ಮುಖ ಅರಳಿತು. ಹೆಗಲ ವಸ್ತ್ರ ಸರಿಮಾಡಿಕೊಂಡು ಎದ್ದ. ಗುರುಗಳ ಪಾದ ಮುಟ್ಟಿದ.

"ಹಾಗಾದರೆ ಅವಳು ಮಾಡಿದ್ದೇ ಸರಿ ಬುದ್ಧಿ. ನಾಳೆಯಿಂದ ನಾನೂ ಹಾಗೆಯೇ ಮಾಡುತ್ತೇನೆ. ನನಗೆ ಉತ್ತರ ಸಿಕ್ಕಿತು."

"ನಿನಗೆ ಸಿಕ್ಕಿತು ಕೆಂಪಯ್ಯ" ಎಂದರು ಗುರುಗಳು, "ಆ ತಾಯಿಗೆ ಇನ್ನೂ ಸಿಕ್ಕಿಲ್ಲ."