ಖಾಲಿ ಗಾಣದ ಓಟ

"ಅಜ್ಜಾರೇ, ನಮ್ಮಿಬ್ಬರಲ್ಲಿ ಯಾರ ಪ್ರೊಸೆಸರ್ ಮೇಲು? ನೀವೇ ಹೇಳಿಬಿಡಿ" ಎಂದು ಕೊಟ್ರೇಶ ಕೇಳಿದ.

ಬೆಳಗಿನಿಂದ ಇದು ಒಂಬತ್ತನೆಯ ಸಲ. ಮಠದ ಹಿರಿಯರಾದ ಗುರುಪಾದಜ್ಜ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಮಿದುಳು ಎಂಬುದನ್ನು ಅವರು ಈ ಶಿಷ್ಯರ ಜಗಳದಿಂದಲೇ ಕಲಿತಿದ್ದರು. ಮಠದ ಕಚೇರಿಯಲ್ಲಿ ಎರಡು ಕಂಪ್ಯೂಟರು. ಕೊಟ್ರೇಶನದರಲ್ಲಿ ಒಂದು ಕಂಪನಿಯ ಮಿದುಳು, ಗವಿಸಿದ್ಧನದರಲ್ಲಿ ಅದರ ಎದುರಾಳಿ ಕಂಪನಿಯದು. ಇಬ್ಬರೂ ಬೆಳಗಿನಿಂದ ವೇಗದ ಪರೀಕ್ಷೆ ಹಚ್ಚಿಕೊಂಡು ಕುಳಿತಿದ್ದರು.

"ನಿನ್ನದರ ಮೇಲೆ ರೊಟ್ಟಿ ಬೇಯಿಸಬಹುದಲ್ಲೋ, ಅಷ್ಟು ಕಾದಿದೆ" ಎಂದ ಗವಿಸಿದ್ಧ.

"ನಿನ್ನದು ಒಂದು ಹಪ್ಪಳ ಸುಡಲು ಮೂರು ದಿನ ತೆಗೆದುಕೊಳ್ಳುತ್ತದೆ, ಸುಮ್ಮನಿರೋ" ಎಂದ ಕೊಟ್ರೇಶ.

ಮಠದ ಹಾಸ್ಟೆಲಿನ ಅರವತ್ತೆರಡು ಮಕ್ಕಳ ಪರೀಕ್ಷೆಯ ಅರ್ಜಿಗಳನ್ನು ಆ ಕಂಪ್ಯೂಟರುಗಳಲ್ಲೇ ತುಂಬಿ ಕಳಿಸಬೇಕಿತ್ತು. ಗಡುವು ಅಂದೇ ಸಂಜೆ ಐದಕ್ಕೆ. ತಪ್ಪಿದರೆ ಮಕ್ಕಳಿಗೆ ಒಂದು ವರ್ಷ ದಂಡ.

"ಅರ್ಜಿ ತುಂಬಿದಿರೇನಪ್ಪಾ?" ಎಂದರು ಅಜ್ಜ.

"ಈಗ ಬೇರೆ ಕೆಲಸ ತೆರೆದರೆ ನನ್ನ ವೇಗದ ಅಂಕ ಇಳಿಯುತ್ತದೆ, ಅಜ್ಜಾರೇ" ಎಂದ ಕೊಟ್ರೇಶ. "ನನ್ನದೂ" ಎಂದ ಗವಿಸಿದ್ಧ. ಅಂದು ಅವರು ಒಪ್ಪಿದ್ದು ಅದೊಂದೇ ಮಾತಿಗೆ.

ಅಜ್ಜ ಹಣೆ ಹಣೆ ಬಡಿದುಕೊಂಡರು. ಕೋಲು ಎತ್ತಲು ವಯಸ್ಸಿರಲಿಲ್ಲ. ಕತೆ ಎತ್ತಿಕೊಂಡರು.

"ಒಂದೂರಿನಲ್ಲಿ ಇಬ್ಬರು ಗಾಣಿಗರಿದ್ದರು. ಇಬ್ಬರಿಗೂ ಒಂದೊಂದು ಎತ್ತು. ಎಂಥ ಎತ್ತು! ಒಬ್ಬನದು ಗಾಣ ಸುತ್ತುವ ರಭಸಕ್ಕೆ ತನ್ನ ಬಾಲದಿಂದ ತನ್ನ ಕೊಂಬಿನ ಮೇಲಿನ ನೊಣ ಓಡಿಸುತ್ತಿತ್ತು. ಇನ್ನೊಬ್ಬನದರ ನೆರಳು ಹಿಂದೆ ಉಳಿಯುತ್ತಿತ್ತು. ಎತ್ತು ಮನೆಗೆ ಹೋಗಿ ಮೇವು ತಿಂದು ಮಲಗಿದ ಮೇಲೆ ನೆರಳು ಬಂದು ಕೊಟ್ಟಿಗೆ ಸೇರುತ್ತಿತ್ತು. ನಗಬೇಡಿ. ನನ್ನ ಮುತ್ತಜ್ಜ ಕಣ್ಣಾರೆ ಕಂಡದ್ದು. ನಾನು ಅದರಲ್ಲಿ ಅರ್ಧ ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ.

ಯಾರ ಎತ್ತು ದಿನಕ್ಕೆ ಹೆಚ್ಚು ಸುತ್ತು ಹಾಕುತ್ತದೆ ಎಂದು ಇಬ್ಬರಿಗೂ ಪಂಥ ಬಿತ್ತು. ಊರು ಎರಡು ಪಂಗಡವಾಯಿತು. ಒಂದು ದಿನ ಒಬ್ಬ ಮುದುಕಿ ಎಳ್ಳು ತಂದಳು. 'ನಿನ್ನೆ ಮೊಮ್ಮಗ ಹುಟ್ಟಿದ್ದಾನೆ ಕಣಪ್ಪಾ. ಕೂಸಿಗೆ ಎರೆಯಲು ಎಣ್ಣೆ ಬೇಕು' ಎಂದಳು.

'ತಾಳು ತಾಯೀ. ಎಳ್ಳು ಹಾಕಿದರೆ ಗಾಣ ಭಾರವಾಗುತ್ತದೆ, ಸುತ್ತು ಕಡಿಮೆಯಾಗುತ್ತದೆ' ಎಂದ ಗಾಣಿಗ.

ಮುದುಕಿ ಇನ್ನೊಬ್ಬನ ಹತ್ತಿರ ಹೋದಳು. ಅವನೂ ಅದನ್ನೇ ಹೇಳಿದ. ಎರಡು ಗಾಣಗಳೂ ಖಾಲಿ ತಿರುಗಿದವು. ಮರ ಮರವನ್ನೇ ಅರೆಯಿತು. ಎಣ್ಣೆಯ ಬದಲು ಮರದ ಹೊಟ್ಟು ಹಾರಿತು. ಊರಿನ ದೀಪಗಳು ಆರಿದವು, ಒಗ್ಗರಣೆ ನಿಂತಿತು. ಆದರೂ ಜನ ಕತ್ತಲಲ್ಲೇ ಕುಳಿತು ಸುತ್ತು ಎಣಿಸಿದರು. ಮುದುಕಿ ಎಳ್ಳಿನ ಚೀಲದ ಮೇಲೆ ತಲೆಯಿಟ್ಟು ಕಾದಳು, ಕಾದಳು. ಕೊನೆಗೆ ಆ ಮೊಮ್ಮಗನೇ ಮೀಸೆ ತಿರುವುತ್ತಾ ಬಂದು, 'ಅಜ್ಜೀ, ನನಗೆ ಎರೆಯುವ ಎಣ್ಣೆ ಎಲ್ಲಿ?' ಎಂದು ಕೇಳಿದ."

ಕತೆ ಮುಗಿಯಿತು. ಶಿಷ್ಯರಿಬ್ಬರೂ ಕುರ್ಚಿ ಮುಂದಕ್ಕೆ ಎಳೆದುಕೊಂಡಿದ್ದರು.

"ಅದಿರಲಿ ಅಜ್ಜಾರೇ, ಕೊನೆಗೆ ಯಾರ ಎತ್ತು ಗೆದ್ದಿತು?" ಎಂದ ಕೊಟ್ರೇಶ.

ಗುರುಪಾದಜ್ಜ ಗೋಡೆಯ ಗಡಿಯಾರ ನೋಡಿದರು. ಎರಡೂವರೆಯಾಗಿತ್ತು. ಎದ್ದು ಹೋಗಿ ಕಚೇರಿಯ ಬಾಗಿಲು ತೆರೆದರು. ಜಗಲಿಯ ಮೇಲೆ ಮಕ್ಕಳು ಅರ್ಜಿಯ ಹಾಳೆ ಹಿಡಿದು ಸಾಲಾಗಿ ಕುಳಿತಿದ್ದರು.

"ಎತ್ತಿನ ಮಾತು ಬಿಡು, ಅರವತ್ತೆರಡು ಮಂದಿ ಎಳ್ಳು ತಂದು ಕಾಯುತ್ತಿದ್ದಾರೆ" ಎಂದರು.